ಅಣ್ಣ ಒಲ್ಲೆಂದ ಹಾಲು

“ಅಣ್ಣ ಈ ಸಲ ಹಾಲು ಒಲ್ಲೆ ಅಂದಾನ್ರಿ, ಸಾಹೇಬ್ರ.”

ಸುಮಿತ್ರಾಬಾಯಿ ಖಾಲಿ ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ಗೋರಿಯ ಪಕ್ಕದಲ್ಲೇ ಕೂತುಬಿಟ್ಟಿದ್ದರು. ಪಂಚಮಿಯ ದಿನ. ನಾಗಪ್ಪನಿಗೆ ಹಾಲೆರೆದು, ದೇವರ ಪಾಲು, ಗುರುವಿನ ಪಾಲು ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಅಣ್ಣನ ಪಾಲನ್ನು ಮಾತ್ರ ತಂದು ಇಲ್ಲಿ ಎರೆಯುವುದು ನೌಬಾದದ ಆಚೆಯ ಹಳ್ಳಿಗಳ ಹೆಂಗಸರ ರೂಢಿ. ಇದು ಅಣ್ಣನ ಗುಂಬಜ. ಒಳಗೆ ಮಲಗಿರುವವನು ಊರಿಗೆಲ್ಲ ಅಣ್ಣ. ಹೆಸರೇನು, ಯಾವ ಕಾಲದವನು ಎಂದು ಕೇಳಿದರೆ ಎಲ್ಲರೂ ಗುಂಬಜದ ಮೇಲಿನ ಪಾರಿವಾಳಗಳ ಕಡೆ ನೋಡುತ್ತಾರೆ.

ನಾನು ಬಂದದ್ದು ಹಾಲಿನ ಪಂಚಾಯ್ತಿಗಲ್ಲ. ಹೋದ ವಾರ ನೌಬಾದದ ಸುರಂಗಬಾವಿಯ ಹೂಳೆತ್ತುವಾಗ ಸಿಕ್ಕ ಕರಿಕಲ್ಲಿನ ಬೆನ್ನು ಹತ್ತಿ ಬಂದಿದ್ದೆ. ಹಳೆಯ ಕೆತ್ತನೆ, ಬೆಲೆಬಾಳುವ ಮಾಲು. ಯಾರೋ ಅದನ್ನು ಎಸೆದಿರಲಿಲ್ಲ, ಹಗ್ಗ ಕಟ್ಟಿ ಮೆಲ್ಲಗೆ ನೀರಿಗಿಳಿಸಿದ್ದರು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಆದರೆ ಜಿಲ್ಲೆಯ ಯಾವ ಗುಂಬಜವೂ ಕಲ್ಲು ಕಳಕೊಂಡಿರಲಿಲ್ಲ. ಕಳುವಿನ ಮಾಲು ಠಾಣೆಯಲ್ಲಿದೆ, ಕಳಕೊಂಡವರೇ ಇಲ್ಲ. ಸಬ್ ಇನ್ಸ್‌ಪೆಕ್ಟರ್ ಸಂಘಪಾಲನೆಂಬ ನನ್ನ ನೌಕರಿಯಲ್ಲಿ ಇಂಥದ್ದು ಇದೇ ಮೊದಲು.

“ಒಲ್ಲೆ ಅಂದಾನ ಅಂತ ಹ್ಯಾಂಗ ಗೊತ್ತಾತು, ಕಾಕು?”

“ಇಲ್ಲಿ ನೋಡ್ರಿ. ಹೋದ ವರ್ಷ ಎರದ ಹಾಲು ಕಲ್ಲಿನ ಮ್ಯಾಲ ನಿಂತಿತ್ತು, ತಾಟಿನ್ಯಾಗ ನಿಂತಂಗ. ಇರುವಿ ಬಂದು ಕುಡೀತಿದ್ದವು, ಗುಬ್ಬಿ ಬಂದು ಕುಡೀತಿದ್ದವು. ಈ ಸಲ ಎರದಿದ್ದೇ ತಡ, ಎರಡೂ ಕಡಿ ಜಾರಿ ಕೆಳಗ ಹೋತು.” ಸೆರಗಿನಿಂದ ಕಣ್ಣೊತ್ತಿಕೊಂಡರು. “ನಮ್ಮಣ್ಣಗ ಏನರ ಆಗ್ತದೇನೋ ಅಂತ ಜೀವ ಹೊಡ್ಕೊಳ್ಳಕತ್ತದ.”

ಅವರಣ್ಣ ಅಂದರೆ ಮನ್ಮಥಪ್ಪ ಸಾವಕಾರ. ಗುಂಬಜದ ಸುತ್ತಲಿನ ಹೊಲವೆಲ್ಲ ಅವರದು, ಗುಂಬಜದ ಕಮಿಟಿಗೂ ಅವರೇ ಅಧ್ಯಕ್ಷರು. ಭಾಲ್ಕಿ ರಸ್ತೆಗೆ ದೊಡ್ಡ ಕಮಾನು ಕಟ್ಟಿಸುತ್ತಿದ್ದಾರೆ. ಅದರ ಮೇಲೆ ‘ಅಣ್ಣನ ಗುಂಬಜ’ ಎನ್ನುವ ಅಕ್ಷರಕ್ಕಿಂತ ಅವರ ಹೆಸರಿನ ಅಕ್ಷರ ದಪ್ಪ. ಹೊಲದ ಹಿಸೆಯ ಜಗಳವಾದ ಮೇಲೆ ತಂಗಿಯನ್ನು ಪಂಚಮಿಗೆ ಕರೆದಿಲ್ಲ. ತಂಗಿ ಮಾತ್ರ ಅವರ ಪಾಲಿನ ಹಾಲು ತಪ್ಪಿಸಿಲ್ಲ. ಒಡಹುಟ್ಟಿದವರ ಮೇಲಿನ ಆಸೆ ಕೋರ್ಟಿನಲ್ಲಿ ತೀರ್ಪಾಗುವಂಥದ್ದಲ್ಲ.

ಬಗ್ಗಿ ನೋಡಿದೆ. ವರ್ಷವಿಡೀ ಹಸಿರು ಚಾದರದ ಕೆಳಗಿರುವ ಗೋರಿ ಪಂಚಮಿಯ ದಿನವೊಂದೇ ಮೈ ಬಿಡುತ್ತದೆ. ಮೇಲಿನ ಕಲ್ಲಿನ ನಡುವೆ ಉದ್ದಕ್ಕೆ ಒಂದು ಉಬ್ಬು. ಹಾಲು ಅದರ ಎರಡೂ ಮಗ್ಗುಲಿಗೆ ಹರಿದು ನೆಲ ಸೇರಿತ್ತು. ಉಬ್ಬಿದ ಕಲ್ಲಿನ ಮೇಲೆ ಹಾಲು ನಿಲ್ಲುವುದಾದರೂ ಹೇಗೆ? ಹೋದ ವರ್ಷ ನಿಂತಿತ್ತು ಎನ್ನುವುದೇ ವಿಚಿತ್ರ.

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. ನಾನು ಬರಹೇಳಿದ್ದ ಅತಿಯಾ ಬಂದಳು.

ಅತಿಯಾ ಭಾಲ್ಕಿಯ ಉರ್ದು ಸಾಲಿಯ ಟೀಚರ್. ಅವಳ ಗಂಡ ಮುಜೀಬೋದ್ದೀನ ಕಲ್ಲು, ಗಚ್ಚಿನ ಕೆಲಸಗಾರ. ಈ ಗುಂಬಜದ ದುರಸ್ತಿಗೆ ಕಮಿಟಿಯವರು ಅವನನ್ನೇ ಹಚ್ಚಿದ್ದರು. ಈ ಬೇಸಿಗೆಯಲ್ಲಿ, ಕೆಲಸ ಅರ್ಧಕ್ಕಿರುವಾಗ, ಅವನು ಕಾಣೆಯಾದ. ಹಳೇ ಕಲ್ಲು, ಹಳೇ ಟೈಲ್ಸು ಹುಡುಕುತ್ತ ಹೈದರಾಬಾದಿನಿಂದ ಬಂದು ಮನ್ಮಥಪ್ಪನವರ ಮನೆಯಲ್ಲಿ ಇಳಿದುಕೊಂಡಿದ್ದ ದಲಾಲನೊಬ್ಬನೂ ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಅವನು ‘ಸೇಠ’. ಇಬ್ಬರೂ ಸೇರಿ ಮಾಲು ಹೊಡೆದು ಓಡಿದ್ದಾರೆ ಎಂದು ನಮ್ಮ ಠಾಣೆ ತೀರ್ಮಾನಿಸಿಬಿಟ್ಟಿತ್ತು. ನಾವು ತೀರ್ಮಾನಕ್ಕೆ ತಡಮಾಡುವವರಲ್ಲ.

ಅತಿಯಾ ಒಪ್ಪಿರಲಿಲ್ಲ. ಗುರುವಾರಕ್ಕೊಮ್ಮೆ ಸಾಲಿ ಬಿಟ್ಟ ಮೇಲೆ ಬಸ್ ಹಿಡಿದು ಬಂದು, ಇಲ್ಲಿ ಲೋಬಾನ ಹಾಕಿ, ಗಂಡ ಕಡೆಗೆ ಕೆಲಸ ಮಾಡಿದ ಕಮಾನಿನ ಕೆಳಗೆ ಕೂತು ಹೋಗುತ್ತಿದ್ದಳು. ಮೊನ್ನೆ ಭಾಲ್ಕಿಯ ಮನೆಗೆ ಹೋದಾಗ ನನಗೆ ಅವನು ಕಡೆದ ಒರಳನ್ನು ತೋರಿಸಿದ್ದಳು.

“ನೋಡ್ಲಿಕ್ಕ ನೆಟ್ಟಗದ. ಬೆರಳು ಆಡಿಸಿ ನೋಡ್ರಿ. ಉಳಿ ಗೆರಿ ಎಲ್ಲಾ ಎಡಕ್ಕ ವಾಲ್ಯಾವ. ಎಡಗೈಲೆ ಕೆಲಸ ಮಾಡ್ತಾರ್ರಿ.”

ಮಾಡ್ತಾರ ಎಂದಿದ್ದಳು. ಮಾಡ್ತಿದ್ರು ಎಂದಿರಲಿಲ್ಲ. ಎಲ್ಲರೂ ಬಿಟ್ಟುಕೊಟ್ಟ ಮನುಷ್ಯನನ್ನು ಆ ಹೆಂಗಸು ಮಾತಿನೊಳಗೇ ಹಿಡಿದಿಟ್ಟುಕೊಂಡಿದ್ದಳು.

ಈಗ ಮೊಬೈಲು ತೆಗೆದು ಬಾವಿಯ ಕಲ್ಲಿನ ಫೋಟೋ ಅವಳ ಮುಂದೆ ಹಿಡಿದೆ.

“ಟೀಚರ್, ಇದರ ನಡುವ ತಗ್ಗು ಮಾಡ್ಯಾರ. ಏನಿದು, ಹೊಸ್ತಿಲೇನು?”

“ಹೊಸ್ತಿಲಲ್ರಿ, ತಖ್ತಿ. ಸಾಲಿ ಹುಡುಗರ ಪಾಟಿ ಇರ್ತದಲ್ರಿ, ಅದು. ಹೆಂಗಸರ ಗೋರಿ ಮ್ಯಾಲ ತಖ್ತಿ ಇಡ್ತಾರ. ಗಂಡಸರ ಗೋರಿ ಮ್ಯಾಲ ಕಲಮದಾನ, ಲೇಖಣಿ ಇಡೋ ಪೆಟ್ಟಿಗಿ. ಗಂಡಸು ಬರೀಬೇಕು, ಹೆಂಗಸು ಬರಸ್ಕೋಬೇಕು ಅಂತ ದೊಡ್ಡವರ ಲೆಕ್ಕ.” ಸಣ್ಣಗೆ ನಕ್ಕಳು. “ನಮ್ಮ ಸಾಲ್ಯಾಗ ಈಗ ಎರಡೂ ಹುಡಿಗ್ಯಾರ ಕೈಯಾಗೇ ಅವ.”

“ಹಂಗಾದ್ರ ಇದು ಯಾವ ಹೆಂಗಸಿನ ಗೋರಿದು? ಅಷ್ಟೂರಿಗೆ ಹೋಗಿ ಬಂದೆ. ಅಲ್ಲಿ ಎಲ್ಲಾ ಕಲ್ಲು ಜಾಗಾದಾಗ ಅವ. ಇಲ್ಲಿ ಇರೋದು ಅಣ್ಣಂದೊಂದೇ. ಗಂಡಸಿಂದು.”

“ಗಂಡಸು ಅಂತ ಯಾರು ಹೇಳ್ಯಾರ?”

“ಅಣ್ಣ ಅಂದ ಮ್ಯಾಲ ಗಂಡಸೇ ಅಲ್ಲೇನ್ರಿ?”

“ಅಣ್ಣ ಅಲ್ರಿ ಸಾಹೇಬ್ರ, ಅನ್ನಾ. ಉರ್ದುದಾಗ ಅನ್ನಾ ಅಂದ್ರ ಹಾಲು ಕುಡಿಸಿ ಬೆಳಿಸಿದಾಕಿ. ಸುಲ್ತಾನರ ಮನಿ ಕೂಸಿಗಿ ಮೊಲಿ ಕೊಟ್ಟ ದಾಯಿ. ಆ ಕೂಸು ಗಾದಿ ಮ್ಯಾಲ ಕುಂತ ಮ್ಯಾಲ ಆಕಿ ಹೆಸರಿಲೆ ಇದನ್ನ ಕಟ್ಟಿಸ್ಯಾನಂತ. ನಮ್ಮವರು ಅನ್ನಾ ಅಂದ್ರು, ನಿಮ್ಮವರು ಅಣ್ಣ ಅಂತ ಕೇಳಿಸ್ಕೊಂಡ್ರು.”

ಸುಮಿತ್ರಾಬಾಯಿ ಗಿಂಡಿ ಕೆಳಗಿಟ್ಟರು. ನಾನು ತಲೆಯೆತ್ತಿ ನೋಡಿದೆ.

ಅಷ್ಟೂರಿನಲ್ಲಿ ಸುಲ್ತಾನರ ಗುಂಬಜಗಳು ಸಾಲಾಗಿ ನಿಂತಿವೆ. ಸತ್ತ ಮೇಲೂ ಯಾರದು ಎತ್ತರ ಎನ್ನುವ ಪೈಪೋಟಿ ಬಿಟ್ಟಿಲ್ಲ. ಒಂದಕ್ಕೆ ಸಿಡಿಲು ಬಡಿದು ಅರ್ಧ ಹಾರಿಹೋಗಿದೆ, ಉಳಿದರ್ಧವೇ ನಮ್ಮ ಠಾಣೆಗಿಂತ ಎತ್ತರ. ಅವೆಲ್ಲ ಬದುಕಿರುವವರನ್ನು ಹೆದರಿಸಲು ಕಟ್ಟಿದಂತಿವೆ. ಇದು ಹಾಗಲ್ಲ. ಚಿಕ್ಕದು, ಗೋಡೆಯೇ ಇಲ್ಲ, ನಾಲ್ಕೂ ಕಡೆ ಬರೀ ಕಮಾನು. ಯಾವ ಕಡೆಯಿಂದ ಗಾಳಿ ಬಂದರೂ ಗೋರಿಯನ್ನು ಮುಟ್ಟಿಯೇ ಹೋಗುತ್ತದೆ. ಗಾದಿಯ ಮೇಲೆ ಕೂತ ಗಂಡಸೊಬ್ಬನಿಗೆ ಯಾವಾಗಲೋ ಒಂದು ಮಡಿಲು ನೆನಪಾಗಿರಬೇಕು. ನಮ್ಮ ಹೆಂಗಸರು ಹೆಸರನ್ನು ತಪ್ಪಾಗಿ ಕೇಳಿಸಿಕೊಂಡರೂ ಹಾಲನ್ನು ಸರಿಯಾದ ಜಾಗಕ್ಕೇ ತಂದಿದ್ದರು.

“ನಮ್ಮ ಮನಿಯವರಿಗಿ ಈ ಗುಂಬಜ ಅಂದ್ರ ಭಾಳ ಜೀವ,” ಅತಿಯಾ ಹೇಳಿದಳು. “ಹುಟ್ಟಿದಾಗೇ ತಾಯಿ ಹೋಗ್ಯಾರ. ಸಂತಪುರದ ಕುಲಸುಮಬೀ ಹಾಲು ಕುಡಿಸಿ ಬೆಳಿಸ್ಯಾರ. ಈ ಗೋರಿ ಒರಸುವಾಗ ಕುಲಸುಮಬೀ ಕಾಲು ಒತ್ತಿದಂಗ ಅನಸ್ತದ ಅಂತಿರ್ತಾರ.”

ಕುಲಸುಮಬೀ ನನಗೆ ಗೊತ್ತು. ಸಂತಪುರ ನನ್ನೂರೇ. ವಿಚಾರಣೆಗೆ ಹೋದಾಗ ಮುದುಕಿ ಚಹಾ ಕೊಟ್ಟು, ಮುಜೀಬ ಈ ಕಡೆ ಬಂದೇ ಇಲ್ಲಪ್ಪ ಎಂದಿದ್ದಳು. ಅಂಗಳದಲ್ಲಿ ಕರಿಕಲ್ಲಿನ ಚೂರು ಬಿದ್ದಿತ್ತು. ಬೀಸುವ ಕಲ್ಲು ಕುಟ್ಟಿಸಿದೆ ಎಂದಳು. ನಾನು ಇನ್ನೊಂದು ಕಪ್ ಚಹಾ ಕುಡಿದು ಬಂದಿದ್ದೆ.

ಅತಿಯಾ ಮಾತಾಡುತ್ತಲೇ ಗೋರಿಯ ಕಡೆ ತಿರುಗಿದಳು. ಅವಳು ಬರುತ್ತಿದ್ದ ಗುರುವಾರಗಳಂದು ಅದು ಚಾದರದ ಕೆಳಗೇ ಇರುತ್ತಿತ್ತು. ಬರಿಗಲ್ಲನ್ನು ನೋಡಿದ್ದು ಈಗಲೇ. ಅವಳ ಮುಖದ ನಗು ನಿಂತಿತು.

“ಸಾಹೇಬ್ರ, ಇದು ಕಲಮದಾನ. ಅನ್ನಾನ ಮ್ಯಾಲ ಗಂಡಸಿನ ಕಲ್ಲು ಹ್ಯಾಂಗ ಬಂತು?”

ಕಳಕೊಂಡವರು ಸಿಕ್ಕಿದ್ದರು. ಬಾವಿಯ ತಖ್ತಿ ಈ ಗೋರಿಯದೇ. ಆದರೆ ಕಳ್ಳ ಕಲ್ಲು ಒಯ್ಯುತ್ತಾನೆ, ಬದಲಿಗೆ ಇನ್ನೊಂದನ್ನು ತಂದಿಟ್ಟು ಹೋಗುವುದಿಲ್ಲ.

ಕಂಬದ ಬಳಿ ಗುಂಬಜ ನೋಡಿಕೊಳ್ಳುವ ಮುಜಾವರ ಅಬ್ದುಲ ವಾಹೀದ ಚಾದರ ಮಡಚುತ್ತಿದ್ದರು. ನಾನು ಬಂದಾಗಲೂ ಮಡಚುತ್ತಿದ್ದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು.

“ಚಾಚಾ, ಈ ಕಲ್ಲು ಯಾವಾಗ ಬದಲಾತು?”

“ಯಾವ ಕಲ್ಲು ಸಾಬ್?”

“ದಿನಾ ಚಾದರ ಝಾಡಿಸಿ ಹೊಚ್ಚವರು ನೀವು. ಕೆಳಗ ಪಾಟಿ ಅದನೋ ಪೆಟ್ಟಿಗಿ ಅದನೋ ಕೈಗಿ ತಿಳಿದಿಲ್ಲೇನು?”

“ವಯಸ್ಸಾತು. ಕೈಗಿ ಏನೂ ತಿಳಿಯಂಗಿಲ್ಲ.”

“ಕಾಕುಗ ಹಾಲು ಹೇಳ್ತು. ನಿಮಗ ಯಾರೂ ಹೇಳಿಲ್ಲ ಅಂದ್ರ ನಾ ನಂಬಂಗಿಲ್ಲ. ಠಾಣೆಯಾಗ ಮಾತಾಡೋಣು ಬರ್ರಿ.”

ವಾಹೀದ ಚಾದರ ಹಿಡಿದೇ ಕಟ್ಟೆಯ ಮೇಲೆ ಕೂತರು.

“ಉರುಸಿಗಿ ಗುಲಬರ್ಗಾಕ್ಕ ಹೋಗಿದ್ದೆ ಸಾಬ್, ಬ್ಯಾಸಗ್ಯಾಗ. ಬಂದು ಚಾದರ ಎತ್ತಿದ್ರ ತಖ್ತಿ ಇಲ್ಲ. ಗೋರಿ ಮಗ್ಗಲಿಗಿ ಹೊಸಾ ಮಣ್ಣು, ಸಾಫ್ ಮಾಡಿ ಒತ್ತಿದ್ದು. ಮುಜೀಬ ಕಾಣೆ ಆಗಿದ್ದೂ ಅದೇ ಹೊತ್ತಿಗಿ. ಆಮ್ಯಾಲ ಮೊಹರಮ್ಮಿನಾಗ ಒಂದು ಮುಂಜಾನಿ ನೋಡಿದ್ರ ಈ ಕಲ್ಲು ಕುಂತಿತ್ತು. ಗಚ್ಚು ಇನ್ನಾ ಹಸಿ ಇತ್ತು.”

“ಯಾಕ ಹೇಳ್ಲಿಲ್ಲ?”

“ಯಾರಿಗಿ ಹೇಳ್ಲಿ? ಸಾವಕಾರ್ರು ಅಣ್ಣನ ಹೆಸರಿಲೆ ಕಮಾನು ಕಟ್ಟಸ್ಲಕತ್ತಾರ. ಒಳಗ ಇದ್ದಾಕಿ ದಾಯಿ ಅಂದ್ರ ಯಾರು ಕಟ್ಟಸ್ತಾರ? ಬಡವರ ಹೆಂಗಸಿಗಿ ಗುಂಬಜ ಕಟ್ಟಿಸಿದವ ಆಗಿನ ಸುಲ್ತಾನ. ಈಗಿನವರು ಒಂದು ದೀಪಾನೂ ಹಚ್ಚಸಂಗಿಲ್ಲ. ಗಂಡಸಿನ ಕಲ್ಲು ಬಂತು, ಇರ್ಲಿ ಬಿಡು ಅಂದೆ.”

“ಅಷ್ಟೇ ಏನು?”

ಮುದುಕ ಮೊದಲ ಸಲ ಅತಿಯಾಳ ಕಡೆ ನೋಡಿದರು, ಕೂಡಲೇ ಕಣ್ಣು ತೆಗೆದರು.

“ಅಷ್ಟೇ ಅಲ್ಲ. ಸುಮ್‌ಸುಮ್ಮನ ಯಾರೂ ಕಲಮದಾನ ಇಡಂಗಿಲ್ಲ ಸಾಬ್. ಇಟ್ಟಾರ ಅಂದ್ರ ಆ ಮಣ್ಣಾಗ ಒಬ್ಬ ಗಂಡಸು ಅದಾನ. ಹೂತವ ಹಂಗೇ ಬಿಟ್ಟು ಹೋಗಿದ್ರ ಯಾರಿಗೂ ತಿಳೀತಿರಲಿಲ್ಲ. ಹೆಂಗಸಿನ ಪಾಟಿ ಕೆಳಗ ಗಂಡಸನ್ನ ಮಲಗಿಸಿ ಹೋಗ್ಲಿಕ್ಕ ಅವನಿಗಿ ಮನಸ್ಸು ಬಂದಿಲ್ಲ. ಅವತ್ತಿಂದ ಸತ್ತವನ ಸಲುವಾಗಿ ದಿನಾ ಫಾತಿಹಾ ಓದ್ತೇನಿ. ಹೆಸರು ಹೇಳಂಗಿಲ್ಲ.”

“ಯಾರ ಹೆಸರು ಹೇಳಂಗಿಲ್ಲ, ಚಾಚಾ?” ಅತಿಯಾ ಕೇಳಿದಳು.

ಅವರು ಮತ್ತೆ ಚಾದರ ಬಿಚ್ಚಿ ಮಡಚತೊಡಗಿದರು.

“ಪ್ರತಿ ಜುಮೇರಾತ ನಾ ಇಲ್ಲಿ ಕುಂತೆ. ನೀವೇ ಲೋಬಾನಕ್ಕ ಕೆಂಡ ತಂದು ಕೊಟ್ರಿ. ಅವರ ಮ್ಯಾಲೇ ಕುಂತು ಅವರನ್ನ ಕಳಿಸ್ಕೊಡು ಅಂತ ಬೇಡ್ಕೊಂಡೆನೇನು ನಾ?”

ಸುಮಿತ್ರಾಬಾಯಿ ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟರು. ಅತಿಯಾ ಅಳಲಿಲ್ಲ. ಎರಡೂ ಕೈ ಕತ್ತಿನ ಹಿಂದೆ ಒಯ್ದು, ಮದುವೆಯ ದಿನ ಕಟ್ಟಿದ ಕರಿಮಣಿ ಲಚ್ಛಾ ಬಿಚ್ಚಿ, ಗೋರಿಯ ಕಲ್ಲಿನ ಮೇಲಿಟ್ಟಳು. ಮಣಿಗಳು ಹಾಲಿನ ಹಸಿಯಲ್ಲಿ ಜಾರಿ ಉಬ್ಬಿನ ಬದಿಗೆ ನಿಂತವು.

“ಕಳ್ಳ ಅಲ್ಲ ಅಂತಾದ್ರೂ ಈಗ ಬರ್ಕೊಳ್ರಿ ಸಾಹೇಬ್ರ.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ತಹಶೀಲ್ದಾರರ ಅಪ್ಪಣೆ ಇಲ್ಲದೆ ಗೋರಿ ಅಗೆಯುವಂತಿಲ್ಲ. ಸಿಗ್ನಲ್ ಹುಡುಕುವ ನೆಪ ಮಾಡಿ ಹೊರಗೆ ಬೇವಿನ ಗಿಡದ ಕೆಳಗೆ ಹೋದೆ. ಅಲ್ಲಿಂದ ನಾಲ್ಕೂ ಕಮಾನು ತೆರೆದು ಒಳಗಿನದೆಲ್ಲ ಕಾಣುತ್ತಿತ್ತು.

ಫೋನಿನಲ್ಲಿ ತಹಶೀಲ್ದಾರರಿಗೆ ಎಲ್ಲ ಹೇಳಿದೆ. ಒಳಗೆ ಅತಿಯಾ ಓಢಣಿಯ ತುದಿಯಿಂದ ಕಲ್ಲಿನ ಮೇಲಿನ ಹಾಲು ಒರೆಸುತ್ತಿದ್ದಳು. ಮನೆಯಲ್ಲಿ ಗಂಡ ಊಟ ಮಾಡಿ ಎದ್ದ ಜಾಗ ಒರೆಸುವ ಹಾಗೆ, ಸಾವಕಾಶವಾಗಿ. ಕೈ ಕಲ್ಲಿನ ಬದಿಗೆ ಹೋಯಿತು. ನಿಂತಿತು. ಹಿಂದಕ್ಕೆ ಬಂದು ಮತ್ತೆ ಅದೇ ಜಾಗಕ್ಕೆ ಹೋಯಿತು. ಆಮೇಲೆ ಓಢಣಿ ಬಿಟ್ಟು ಬರಿಬೆರಳಿನಿಂದ ಉದ್ದಕ್ಕೂ ಸವರಿದಳು.

ಆಮೇಲೆ ಲಚ್ಛಾ ಎತ್ತಿಕೊಂಡು, ಒಂದೊಂದೇ ಮಣಿ ಒರೆಸಿ, ಮತ್ತೆ ಕತ್ತಿಗೆ ಕಟ್ಟಿಕೊಂಡಳು.

“ಪರ್ಮಿಷನ್ ಕೊಡ್ತೇನಿ,” ತಹಶೀಲ್ದಾರರು ಫೋನಿನಲ್ಲಿ ಹೇಳುತ್ತಿದ್ದರು. “ಹೂತದ್ದು ಯಾರನ್ನ ಅಂತ ಬರೀಲಿ? ಮುಜೀಬೋದ್ದೀನ ಅಂತನೇ?”

“ಮತ್ತ ಫೋನ್ ಮಾಡ್ತೇನಿ ಸರ್.”

ಅತಿಯಾ ಹೊರಗೆ ಬಂದಳು.

“ಏನಾತ್ರಿ ಟೀಚರ್?”

“ಏನಿಲ್ರಿ. ಭಾಲ್ಕಿ ಬಸ್ಸಿನ ಹೊತ್ತಾತು.” ನನ್ನ ಮುಖ ನೋಡಲಿಲ್ಲ. ಆದರೆ ಅವಳ ಮುಖ ಬೇರೆಯಾಗಿತ್ತು. ಭಾಲ್ಕಿಯಲ್ಲಿ ನೋಡಿದ ಮುಖವಲ್ಲ, ಸ್ವಲ್ಪ ಹೊತ್ತಿನ ಹಿಂದಿನದಂತೂ ಅಲ್ಲವೇ ಅಲ್ಲ. ಆಟೋ ಹತ್ತಿ ಬೀದರ ಬಸ್ ಸ್ಟ್ಯಾಂಡಿನ ದಿಕ್ಕಿಗೆ ಹೊರಟುಹೋದಳು.

ನಾನು ಒಳಗೆ ಓಡಿದೆ. ಅವಳು ಸವರಿದ ಕಡೆಗೇ ಬೆರಳು ಆಡಿಸಿದೆ. ಕಣ್ಣಿಗೆ ನೆಟ್ಟಗೆ ಕಾಣುವ ಉಳಿಯ ಗೆರೆಗಳೆಲ್ಲ ಎಡಕ್ಕೆ ವಾಲಿದ್ದವು.

ಕಲ್ಲು ಇಲ್ಲಿಗೆ ಬಂದದ್ದು ಮೊಹರಮ್ಮಿನಲ್ಲಿ, ಮುಜೀಬ ಕಾಣೆಯಾದ ಎಷ್ಟೋ ದಿನಗಳ ಮೇಲೆ. ಅದನ್ನು ಕಡೆದವನು ಮುಜೀಬ. ತಖ್ತಿಯನ್ನು ದಲಾಲರ ಕೈಗೆ ಸಿಗದಂತೆ, ಮುಕ್ಕಾಗದಂತೆ ಬಾವಿಗಿಳಿಸಿದವನೂ ಅವನೇ ಇರಬೇಕು. ತನ್ನ ಗೋರಿಯ ಕಲ್ಲನ್ನು ತಾನೇ ಕಡೆದು, ತಾನೇ ಹೊತ್ತು ತಂದು, ಕೆಳಗೆ ಹೋಗಿ ಮಲಗುವವರಿಲ್ಲ. ಕೆಳಗಿರುವವನು ಬೇರೆ. ಹೆಸರಿಲ್ಲದ ಆ ಸೇಠ ನೆನಪಾಗಿ ಕೈ ತೆಗೆದೆ.

ಸತ್ತಿದ್ದರೆ ಮುಜೀಬ ನಿರಪರಾಧಿ. ಬದುಕಿದ್ದರೆ ಈ ಮಣ್ಣಿಗೆ ಉತ್ತರ ಹೇಳಬೇಕಾದವನು ಅವನೇ. ಅತಿಯಾಳ ಬೆರಳಿಗೆ ಎರಡೂ ಒಟ್ಟಿಗೇ ತಿಳಿದಿದ್ದವು. ತಿಳಿದೇ ಅವಳು ಕರಿಮಣಿ ಮತ್ತೆ ಕಟ್ಟಿಕೊಂಡಿದ್ದಳು.

ನಾನು ಬೆನ್ನು ಹತ್ತಿ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಭಾಲ್ಕಿಯ ಬಸ್ ಹೊರಡಲು ನಿಂತಿತ್ತು, ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದ. ಅತಿಯಾ ಅದರ ಮುಂದಿನಿಂದಲೇ ಹಾದು ಹೋಗಿ ಔರಾದ ಬಸ್ ಹತ್ತಿದಳು. ನಾನು ಹಿಂದಿನ ಬಾಗಿಲಿನಿಂದ ಹತ್ತಿ ಅವಳ ಹಿಂದಿನ ಸೀಟಿನಲ್ಲಿ ಕೂತೆ. ಬಸ್ ಹೊರಟಿತು.

“ಎಲ್ಲಿಗಿರಿ ಅಕ್ಕಾರ?” ಕಂಡಕ್ಟರ್ ಕೇಳಿದ.

ಆಧಾರ್ ಕಾರ್ಡು ಮುಂದೆ ಹಿಡಿದಳು. “ಸಂತಪುರ.”

ಹೆಂಗಸರಿಗಿರುವ ಪುಕ್ಕಟೆ ಟಿಕೆಟ್ ಹರಿದು ಕೊಟ್ಟು ಅವನು ನನ್ನ ಕಡೆ ಬಂದ. ಕುಲಸುಮಬೀಯ ಅಂಗಳದ ಕರಿಕಲ್ಲಿನ ಚೂರುಗಳು ಕಣ್ಣ ಮುಂದೆ ಬಂದವು. ಬೀಸುವ ಕಲ್ಲಿನದಲ್ಲ ಅವು.

“ಸಂತಪುರ,” ಎಂದೆ.

ನನ್ನ ದನಿ ಕೇಳಿ ಅವಳು ಟಿಕೆಟ್ಟನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು. ತಿರುಗಲಿಲ್ಲ. ಊರು ದಾಟಿ ತೊಗರಿ ಹೊಲಗಳು ಶುರುವಾದಾಗ ಮುಂದೆ ನೋಡುತ್ತಲೇ ಮಾತಾಡಿದಳು.

“ಸಾಹೇಬ್ರ, ಮೊದಲು ನಾ ಒಬ್ಬಾಕೇ ಒಳಗ ಹೋಗ್ತೇನಿ. ಒಂದು ಸಲ ಮಾರಿ ನೋಡ್ತೇನಿ. ಆಮ್ಯಾಲ ನೀವು ಬರ್ರಿ.”

“ಹಿಂದಿನ ಬಾಗಿಲಿಲೆ ಓಡಿ ಹೋಗ್ರಿ ಅಂತ ಹೇಳಿದ್ರ?”

“ಹೇಳಿದ್ರೂ ಹೇಳ್ತೇನಿ,” ಎಂದಳು ಅತಿಯಾ. “ಅದಕ್ಕೇ ನಿಮ್ಮನ್ನ ಕೇಳ್ಲಕತ್ತೇನಿ.”

ಜೇಬಿನಲ್ಲಿ ಫೋನು ನಡುಗಿತು. ತಹಶೀಲ್ದಾರರು. ಗೋರಿಯೊಳಗಿನವನ ಹೆಸರು ಕೇಳುತ್ತಾರೆ. ಬಸ್ ಸಂತಪುರದ ದಾರಿ ಹಿಡಿದಿತ್ತು, ನಾನು ಇಬ್ಬರಿಗೂ ಇನ್ನೂ ಉತ್ತರ ಕೊಟ್ಟಿರಲಿಲ್ಲ.